ನಮ್ಮ ಬೀದಿ ಮಳೆ ಯಾರ ಲೆಕ್ಕದಲ್ಲಿದೆ?

"ಹಾಗಾದ್ರೆ ನಮ್ಮ ಬೀದಿ ಮಳೆ ಲೆಕ್ಕಕ್ಕೇ ಇಲ್ವಾ?"

ಬುಧವಾರ ಬೆಳಿಗ್ಗೆ ಇಸ್ತ್ರಿ ಅಂಗಡಿಯ ಅಕ್ಕ ಕೇಳಿದ ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಹಿಂದಿನ ಸಂಜೆಯ ಮಳೆಗೆ ಅವರ ಶೆಡ್ಡಿನೊಳಗೆ ನೀರು ನುಗ್ಗಿತ್ತು. ಇದ್ದಿಲ ಚೀಲ ಪೂರ್ತಿ ಒದ್ದೆ. ಬೆಡ್‌ಶೀಟಿನಲ್ಲಿ ಕಟ್ಟಿಟ್ಟಿದ್ದ ಬಟ್ಟೆ ಗಂಟುಗಳಲ್ಲಿ ಕೆಳಗಿನವೆಲ್ಲ ಕೆಸರು. ನೀರು ಎಲ್ಲಿವರೆಗೆ ನಿಂತಿತ್ತು ಅನ್ನುವುದು ಗೋಡೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಂದು ಗೆರೆ, ಅದರುದ್ದಕ್ಕೂ ಅಂಟಿಕೊಂಡ ಹೊಂಗೆ ಹೂವು. ನೆಲದಿಂದ ಒಂದು ಗೇಣಿಗಿಂತ ಜಾಸ್ತಿಯೇ ಎತ್ತರ.

ನಾನು ದಿನಾ ಬೆಂಗಳೂರಿನ ಹವಾಮಾನದ ಅಂಕಿ ನೋಡುತ್ತೇನೆ, ಬರೆದಿಡುತ್ತೇನೆ. ಇದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಅಲ್ಲೇ ನಿಂತಿದ್ದ ಹಿರಿಯರೊಬ್ಬರು "ನಿನ್ನೆ ಎಷ್ಟು ಬಂತಂತೆ?" ಅಂದರು. ನಗರ ಕೇಂದ್ರದ, ಅಂದರೆ ಅರಮನೆ ರಸ್ತೆಯ ಹವಾಮಾನ ಕೇಂದ್ರದ ಅಂಕಿ ಹೇಳಿದೆ. ಹತ್ತು ಮಿಲಿಮೀಟರ್ ಕೂಡ ಇರಲಿಲ್ಲ. "ಎಲ್ಲಾ ಬೋಗಸ್" ಅಂತ ನಕ್ಕು ಅವರು ವಾಕಿಂಗ್ ಮುಂದುವರಿಸಿದರು. ಅಕ್ಕ ನಗಲಿಲ್ಲ. ಒದ್ದೆ ಇದ್ದಿಲನ್ನು ಬಿಸಿಲಿಗೆ ಹರಡುತ್ತಾ, ತಲೆ ಎತ್ತದೆ ಆ ಪ್ರಶ್ನೆ ಕೇಳಿದರು.

ಆ ಹಿರಿಯರ ಧೋರಣೆ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಸೆಕೆಯಾದರೆ "ನಮ್ಮ ಕಾಲದಲ್ಲಿ ಮನೇಲಿ ಫ್ಯಾನೇ ಇರಲಿಲ್ಲ" ಅನ್ನುತ್ತಾರೆ. ಚಳಿಯಾದರೆ "ಇದೂ ಒಂದು ಚಳಿನಾ" ಅನ್ನುತ್ತಾರೆ. ತಮಗೆ ಅನಿಸಿದ್ದಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಅಂಕಿಯೇ ಸುಳ್ಳು. ಅಕ್ಕ ಅಂಕಿಯನ್ನು ಸುಳ್ಳು ಅನ್ನಲಿಲ್ಲ. ಅದರಲ್ಲಿ ತಾವೆಲ್ಲಿದ್ದೇವೆ ಅಂತ ಕೇಳಿದರು. ಇಬ್ಬರ ಮಾತಿಗೂ ಎಷ್ಟು ವ್ಯತ್ಯಾಸ ಇದೆ, ಅಲ್ವಾ?

ಆ ಅಂಕಿ ಸುಳ್ಳಲ್ಲ. ಅರಮನೆ ರಸ್ತೆಯ ಹವಾಮಾನ ಕೇಂದ್ರದ ಮಾಪಕದಲ್ಲಿ ಅಷ್ಟೇ ಮಳೆ ಬಿದ್ದಿತ್ತು. ಸಾದಾ ಮಳೆಮಾಪಕದಲ್ಲಿ ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ಬೆಳಿಗ್ಗೆ 8.30ಕ್ಕೆ ಒಬ್ಬರು ಬಂದು ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿಯುತ್ತಾರೆ. ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಓದುತ್ತಾರೆ, ಬರೆಯುತ್ತಾರೆ. ಹಿಂದಿನ ದಿನ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದು ಒಂದು ದಿನದ ಮಳೆ. ಈಗ ಸ್ವಯಂಚಾಲಿತ ಮಾಪಕಗಳು ಬಂದಿವೆ. ಆದರೂ ಪ್ರತಿ ಬೆಳಿಗ್ಗೆ ಅದೇ ಹೊತ್ತಿಗೆ ಲೆಕ್ಕ ಮುಗಿಸುವ ಶಿಸ್ತು ಮಾತ್ರ ಬದಲಾಗಿಲ್ಲ. ಹಬ್ಬವಿರಲಿ, ಮುಷ್ಕರವಿರಲಿ, ಯಾರೋ ಒಬ್ಬರು ಹೋಗಿ ನೋಡಿ ಬರೆದಿದ್ದಾರೆ. ಅವರ ಮೇಲೆ ನನಗೆ ತುಂಬಾ ಗೌರವ. ಅವರ ಕೆಲಸವನ್ನು ಯಾರಾದರೂ ಬೋಗಸ್ ಅಂದರೆ ಹೊಟ್ಟೆ ಉರಿಯುತ್ತದೆ.

ಹಾಗಂತ ಅಕ್ಕನ ಗೋಡೆಯ ಮೇಲಿನ ಗೆರೆಯೂ ಸುಳ್ಳಲ್ಲವಲ್ಲ.

ಮುಂಗಾರಿಗೆ ಮೊದಲಿನ ಮಳೆಯ ಸ್ವಭಾವವೇ ಹಾಗೆ. ಮಧ್ಯಾಹ್ನದವರೆಗೆ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಸಂಜೆಗೆ ಗುಡುಗು ಮೋಡ ಕಟ್ಟುತ್ತದೆ. ಇಂಥ ಒಂದೊಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಯಲಹಂಕದಲ್ಲಿ ಆಲಿಕಲ್ಲು ಬೀಳುವಾಗ ಜಯನಗರದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ನಗರ ಕೇಂದ್ರ, ಎಚ್‌ಎಎಲ್, ದೇವನಹಳ್ಳಿಯ ವಿಮಾನ ನಿಲ್ದಾಣ, ಮೂರು ಕಡೆಯ ಅಂಕಿಯನ್ನೂ ನಾನು ಪಕ್ಕಪಕ್ಕದಲ್ಲಿ ಬರೆಯುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಮೂರೂ ಒಂದೇ ಊರಿನವು ಅಂತ ನಂಬುವುದೇ ಕಷ್ಟ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ನಮ್ಮಲ್ಲಿ ಭರಣಿ ಮಳೆ ಬಂದರೆ ಎರಡು ವಾರ್ಡಿಗೆ ನೀರು, ಉಳಿದ ಕಡೆ ಬರೀ ಧೂಳು.

2024ರ ಏಪ್ರಿಲ್‌ನಲ್ಲಿ ನಗರ ಕೇಂದ್ರದ ಮಾಪಕದಲ್ಲಿ ಲೆಕ್ಕಕ್ಕೆ ಬರುವಂಥ ಮಳೆ ಬೀಳಲೇ ಇಲ್ಲ. ಅದಕ್ಕೂ ಮೊದಲು ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರ್ ಹಿಂದೆ ಬಿದ್ದಿದ್ದರು. ಆಮೇಲೆ ಜೂನ್ 2, ಭಾನುವಾರ. ಒಂದೇ ದಿನ 111.1 ಮಿಲಿಮೀಟರ್! ಜೂನ್ ತಿಂಗಳಲ್ಲಿ ಅದಕ್ಕೂ ಮೊದಲಿನ ದಾಖಲೆ 1891ರ ಜೂನ್ 16ರದ್ದು, 101.6 ಮಿಲಿಮೀಟರ್. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಹಾಗೆ ಲೆಕ್ಕ ಹಾಕಿದರೆ ಆ ಭಾನುವಾರ 30x40 ಅಡಿಯ ಒಂದು ಸೈಟಿನ ಮೇಲೆ 12 ಸಾವಿರ ಲೀಟರ್‌ಗೂ ಜಾಸ್ತಿ ನೀರು ಸುರಿದಿದೆ. ದುಡ್ಡು ಕೊಟ್ಟು ತರಿಸಿಕೊಂಡ ಎರಡು ಟ್ಯಾಂಕರ್ ನೀರು ಒಂದೇ ದಿನ ಪುಕ್ಕಟೆ ಬಂದು ಚರಂಡಿಗೆ ಹೋಯಿತು.

ಹಳೆಯ ದಾಖಲೆಗಳನ್ನು ಓದುವುದರಲ್ಲಿ ಒಂದು ಸಂತೋಷ ಇದೆ. 101.6 ಅಂದರೆ ಸರಿಯಾಗಿ ನಾಲ್ಕು ಇಂಚು. ಆಗ ಅಳೆಯುತ್ತಿದ್ದದ್ದೇ ಇಂಚಿನಲ್ಲಿ. ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಫ್ಯಾರನ್‌ಹೀಟ್‌ಗೆ ತಿರುಗಿಸಿದರೆ 46. 1931ರ ಮೇ ತಿಂಗಳ 38.9 ಅಂದರೆ 102 ಫ್ಯಾರನ್‌ಹೀಟ್. 2016ರ ಏಪ್ರಿಲ್‌ನಲ್ಲಿ 39.2 ತಲುಪುವವರೆಗೂ ಅದೇ ಊರಿನ ಅತಿ ಹೆಚ್ಚು ಬಿಸಿಲಾಗಿತ್ತು. ಇಂಥದ್ದನ್ನು ನೋಡಿದಾಗ ಆ ಅಂಕಿ ಬರೆದ ಕೈ ಕಣ್ಣ ಮುಂದೆ ಬರುತ್ತದೆ. ಅವರು ಬರೆಯದಿದ್ದರೆ ಇವತ್ತು "ಮೊದಲು ಇಷ್ಟು ಸೆಕೆ ಇರಲಿಲ್ಲ" ಅನ್ನುವ ಮಾತು ಬರೀ ಮಾತಾಗಿಯೇ ಉಳಿಯುತ್ತಿತ್ತು.

ಸೆಕೆಯ ವಿಷಯ ಬಂತು ಅಂತ ಹೇಳುತ್ತೇನೆ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಫೋಟೊ ತೆಗೆದು "44 ಡಿಗ್ರಿ" ಅಂತ ಗ್ರೂಪಿಗೆ ಹಾಕುವವರು ಇದ್ದಾರಲ್ಲ, ಅವರು ಊರಿಗೆಲ್ಲ ಸುಮ್ನೆ ಗಾಬರಿ ಹಬ್ಬಿಸುತ್ತಾರೆ. ಅದು ಡಾಂಬರಿನ ಬಿಸಿ, ಎಂಜಿನ್ನಿನ ಬಿಸಿ. ಹವಾಮಾನ ಕೇಂದ್ರದವರು ಅಳೆಯುವುದು ನೆರಳಿನ ಗಾಳಿಯನ್ನು. ಬಿಳಿ ಬಣ್ಣದ, ಜಾಲರಿ ಪಟ್ಟಿಯ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ. ಎಲ್ಲ ಕಡೆ ಹೀಗೇ ಅಳೆದರೆ ಮಾತ್ರ 1931ನ್ನೂ 2016ನ್ನೂ ಪಕ್ಕದಲ್ಲಿಟ್ಟು ನೋಡಬಹುದು.

ಆದರೂ ಅಕ್ಕನ ಪ್ರಶ್ನೆ ಮತ್ತೆ ಬಂದು ನಿಲ್ಲುತ್ತದೆ. 1891ರ ಜೂನ್ 16ರಂದು ನಾಲ್ಕು ಇಂಚು ಬಿತ್ತು, ಸರಿ. ಯಾರ ಮನೆಗೆ ನೀರು ನುಗ್ಗಿತು? ಯಾವ ಕೆರೆ ಕೋಡಿ ಬಿತ್ತು? ಮಾಪಕದ ಅಂಕಿ ಅದನ್ನು ಹೇಳುವುದಿಲ್ಲ. 24 ಗಂಟೆಯಲ್ಲಿ 2.5 ಮಿಲಿಮೀಟರ್ ಆದರೂ ಬೀಳದಿದ್ದರೆ ಅದನ್ನು ಮಳೆ ದಿನ ಅಂತ ಎಣಿಸುವುದೂ ಇಲ್ಲ. ಮಾಪಕದ ಮೇಲೆ ನಾಲ್ಕು ಹನಿ ಬಿದ್ದು, ಐದು ಕಿಲೋಮೀಟರ್ ಆಚೆ ಬೀದಿ ಮುಳುಗಿದರೆ, ನಗರ ಕೇಂದ್ರದ ಪುಸ್ತಕದಲ್ಲಿ ಅದು ಒಣ ದಿನ. ವಾಡಿಕೆ ಮಳೆ ಅನ್ನುವುದು 30 ವರ್ಷದ ಸರಾಸರಿ, ಈಗ ಬಳಸುವುದು 1991ರಿಂದ 2020ರವರೆಗಿನದು. ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು. 2022ರಲ್ಲಿ ಅಕ್ಟೋಬರ್ ಮುಗಿಯುವ ಮೊದಲೇ 2017ರ 1,696 ಮಿಲಿಮೀಟರ್ ದಾಖಲೆ ಮುರಿದಿತ್ತು. ಊರಿಗೆ ಅದು ದಾಖಲೆ. ತಗ್ಗಿನಲ್ಲಿರುವವರಿಗೆ ಹಾಸಿಗೆ ಎತ್ತಿ ಮಂಚದ ಮೇಲಿಟ್ಟ ರಾತ್ರಿ.

ಅಕ್ಕನಿಗೆ ನಾನು ಕೊಟ್ಟ ಉತ್ತರ ಇಷ್ಟು. "ಲೆಕ್ಕ ಇದೆ ಅಕ್ಕಾ, ಬೇರೆ ಕಡೆ ಇದೆ." ಯಲಹಂಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ನಗರದೊಳಗೂ, ರಾಜ್ಯದ ಹೋಬಳಿ, ಗ್ರಾಮ ಪಂಚಾಯಿತಿಗಳಲ್ಲೂ ಅದರ ಮಾಪಕಗಳಿವೆ. ಅವು 15 ನಿಮಿಷಕ್ಕೊಮ್ಮೆ ತಾವೇ ಅಂಕಿ ಕಳಿಸುತ್ತವೆ. ರೈತರು ಫೋನ್ ಮಾಡಿ ಮಳೆ ವಿಚಾರಿಸಲು 'ವರುಣ ಮಿತ್ರ' ಇದೆ. ಬೆಂಗಳೂರಿಗಂತಲೇ 'ಮೇಘ ಸಂದೇಶ' ಆ್ಯಪ್ ಮಾಡಿದ್ದಾರೆ. ಎಲ್ಲವನ್ನೂ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಅದು ಪೇಪರಲ್ಲಿ ಬರುತ್ತಾ?"

"ಒಂದೊಂದು ಸಲ. ಜೋರು ಮಳೆ ಬಂದಾಗ."

"ಮತ್ತೆ ಅಂಗಡಿಗೆ ನೀರು ಬಂತು ಅಂತ ಅರ್ಜಿ ಕೊಟ್ಟರೆ, ಯಾವ ಲೆಕ್ಕ ನೋಡ್ತಾರೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ವರ್ಷ ಅವರು ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದರಂತೆ. "ಆ ದಿನ ಅಷ್ಟೊಂದು ಮಳೆನೇ ಆಗಿಲ್ವಲ್ಲ" ಅಂದರಂತೆ ಅಲ್ಲಿದ್ದವರು. ಒಂದು ಒಳ್ಳೆಯ ಅಂಕಿಯನ್ನು ಹೀಗೆ ಬಾಗಿಲು ಮುಚ್ಚುವುದಕ್ಕೆ ಬಳಸಿದ್ದು ಕೇಳಿ ನನಗೆ ತುಂಬಾ ನೋವಾಯಿತು. ಅರಮನೆ ರಸ್ತೆಯ ಬಾಟಲಿಯಲ್ಲಿ ಎಷ್ಟು ಬಿತ್ತು ಅನ್ನುವುದು ನಮ್ಮ ಬೀದಿಯ ಚರಂಡಿಗೆ ಸಾಕ್ಷಿ ಆಗುವುದಿಲ್ಲ. ಊರು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಅನ್ನುವುದಕ್ಕೆ ಅದು ಸಾಕ್ಷಿ. ಆ ಕೆಲಸಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೀದಿಯ ಕಥೆಗೆ ಬೀದಿ ಹತ್ತಿರದ ಮಾಪಕವೇ ಬೇಕು, ಅದರ ಅಂಕಿ ಜನರ ಕೈಗೆ ಸಿಗಬೇಕು.

ಪತ್ರಿಕೆಯವರು ಇದನ್ನು ನಾಳೆಯಿಂದಲೇ ಮಾಡಬಹುದು. 'ಬೆಂಗಳೂರಿನಲ್ಲಿ ಇಷ್ಟು ಮಳೆ' ಅಂತ ಒಂದೇ ಅಂಕಿ ಹಾಕುವ ಬದಲು, ಪಕ್ಕದಲ್ಲಿ ಅಳೆದ ಜಾಗದ ಹೆಸರು ಹಾಕಿ. ಕೆಳಗೆ ಅತಿ ಹೆಚ್ಚು ಮಳೆ ಬಿದ್ದ ನಾಲ್ಕು ವಾರ್ಡಿನ ಅಂಕಿ ಕೊಡಿ. ಕಾಲಂನಲ್ಲಿ ಒಂದು ಇಂಚು ಜಾಗ ಸಾಕು.

ಹೊಸ ಮಾಪಕಗಳನ್ನು ನಿಂತ ಜಾಗದಲ್ಲೇ ಉಳಿಸಿಕೊಳ್ಳುವುದು ಇನ್ನೂ ಕಷ್ಟದ ಕೆಲಸ. ಹತ್ತಿರದ ಮರವೋ ಕಟ್ಟಡವೋ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರ ಬೇಕು, ಇಲ್ಲದಿದ್ದರೆ ಮಳೆ ಮರೆಯಾಗುತ್ತದೆ. ಈ ಊರಿನಲ್ಲಿ ಅಷ್ಟು ಖಾಲಿ ಜಾಗ ಉಳಿದಿರುವುದು ಪಾರ್ಕಿನಲ್ಲಿ, ಶಾಲೆ ಮೈದಾನದಲ್ಲಿ. ಅಲ್ಲಿ 30 ವರ್ಷ ಅಲುಗಾಡದೆ ನಿಂತರೆ ನಮ್ಮ ಬೀದಿಗೂ ಒಂದು ವಾಡಿಕೆ ಮಳೆ ಸಿಗುತ್ತದೆ. ನಮಗೆ ಹತ್ತಿರದ ಮಾಪಕ ಎಲ್ಲಿದೆ, ಕಳೆದ ವರ್ಷ ಅಕ್ಕನ ಅಂಗಡಿಗೆ ನೀರು ನುಗ್ಗಿದ ದಿನ ಅದು ಎಷ್ಟು ತೋರಿಸಿತ್ತು ಅಂತ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದಿದ್ದೇನೆ. ಸೋಮವಾರ ಕಳಿಸುತ್ತೇನೆ. ಜೊತೆಗೆ ಅಕ್ಕನ ಸಹಿಯೂ ಇದೆ.