ಮಗಳ ಪಟ್ಟಿಯಲ್ಲಿ ಇಲ್ಲದ ಹೆಸರು

ಮೂವತ್ತೊಂದು ವರ್ಷ ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದಿದವನು ನಾನು. ಕೈಗೆ ಯಾವ ಕಾಗದ ಬಂದರೂ ಮೊದಲು ತಪ್ಪು ಹುಡುಕುತ್ತೇನೆ, ಆಮೇಲೆ ಓದುತ್ತೇನೆ. ಜರ್ಮನಿಯ ಟ್ಯೂಬಿಂಗನ್ ರೈಲು ನಿಲ್ದಾಣದಲ್ಲಿ ಮಗಳು ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ಕೈಗಿಟ್ಟಾಗಲೂ ಹಾಗೆಯೇ ಮಾಡಿದೆ. ಅವಳು ಅಲ್ಲಿ ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಹಗಲೆಲ್ಲ ಪ್ರಯೋಗಾಲಯದಲ್ಲಿ ಇರಬೇಕು. "ಅಪ್ಪಾ, ನಾಲ್ಕು ದಿನ ನೀವೇ ಸುತ್ತಬೇಕಾಗುತ್ತದೆ. ಈ ವಿಶ್ವವಿದ್ಯಾಲಯದ ದೊಡ್ಡವರು ಯಾರು, ಎಲ್ಲಿದ್ದರು ಎಂದು ಬರೆದಿದ್ದೇನೆ. ಸಣ್ಣ ಊರು, ದಾರಿ ತಪ್ಪುವುದಕ್ಕೆ ಸಾಧ್ಯವೇ ಇಲ್ಲ" ಎಂದಳು.

ಪಟ್ಟಿಯಲ್ಲಿ ಎಂಟು ಹೆಸರುಗಳಿದ್ದವು. ಕಾಗುಣಿತ ಸರಿ ಇತ್ತು. ಆದರೆ ನಾನು ಹುಡುಕಿದ ಹೆಸರು ಇರಲಿಲ್ಲ.

ಮೊದಲ ಹೆಸರು ಫ್ರೆಡ್ರಿಕ್ ಮೀಷರ್. ಜೀವಶಾಸ್ತ್ರದವಳ ಪಟ್ಟಿ ಬೇರೆ ಹೇಗೆ ಶುರುವಾದೀತು! ಊರಿನ ನೆತ್ತಿಯ ಮೇಲೆ ಹೋಹೆನ್‌ಟ್ಯೂಬಿಂಗನ್ ಎಂಬ ಕೋಟೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಅಡುಗೆಮನೆಯನ್ನು ರಸಾಯನಶಾಸ್ತ್ರಕ್ಕೆ ಬಿಟ್ಟುಕೊಟ್ಟಿದ್ದರು. ರಕ್ತದ ಕೆಂಪಿಗೆ ಹಿಮೋಗ್ಲೋಬಿನ್ ಎಂಬ ಹೆಸರು ಕೊಟ್ಟ ಹೋಪ್ಪೆ-ಸೈಲರ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಕೈಕೆಳಗೆ ಕೆಲಸ ಮಾಡಲು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಮೀಷರ್, ಶಸ್ತ್ರಚಿಕಿತ್ಸಾಲಯದಿಂದ ಕೀವು ಅಂಟಿದ ಗಾಯದ ಪಟ್ಟಿಗಳನ್ನು ತರಿಸಿಕೊಂಡು, ತೊಳೆದು, ಆ ಕೀವಿನ ಜೀವಕೋಶಗಳ ಒಳಗಿನಿಂದ 1869ರಲ್ಲಿ ಹೊಸದೊಂದು ಪದಾರ್ಥವನ್ನು ತೆಗೆದ. ಅದಕ್ಕೆ ನ್ಯೂಕ್ಲಿನ್ ಎಂದು ಹೆಸರಿಟ್ಟ. ಇಂದು ನಾವು ಡಿಎನ್‌ಎ ಎನ್ನುತ್ತೇವಲ್ಲ, ಅದೇ. ಗುರುವಿಗೆ ನಂಬಿಕೆ ಬರಲಿಲ್ಲ. ಪ್ರಯೋಗವನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿ, 1871ರಲ್ಲಿ ಮಾತ್ರ ಅಚ್ಚಿಗೆ ಬಿಟ್ಟ. ಎರಡು ವರ್ಷ ಪ್ರೂಫ್ ತಡೆಹಿಡಿದ ಆ ಮನುಷ್ಯನ ಬಗ್ಗೆ ನನಗೆ ಗೌರವ ಮೂಡಿತು. ದಪ್ಪ ಗೋಡೆ, ಕಮಾನಿನ ಸೂರು, ತಣ್ಣನೆಯ ನೆಲ. ಕೆಡುವ ಪದಾರ್ಥದ ಜೊತೆ ಹೆಣಗುವವನಿಗೆ ಇಂಥ ತಣ್ಣಗಿನ ಕೋಣೆಯೇ ಬೇಕಿತ್ತು ಎಂದು ಮಗಳು ಸಂಜೆ ವಿವರಿಸಿದಳು.

ಎರಡನೆಯ ದಿನ ಕೆಪ್ಲರ್. ಈ ವಿಶ್ವವಿದ್ಯಾಲಯವನ್ನು ಗಡ್ಡದ ಎಬರ್‌ಹಾರ್ಡ್ ಎಂದು ಕರೆಸಿಕೊಂಡ ದೊರೆ 1477ರಲ್ಲಿ ಕಟ್ಟಿದ. ಅದಾಗಿ ಒಂದು ಶತಮಾನ ಕಳೆದ ಮೇಲೆ, 1589ರಲ್ಲಿ, ಯೋಹಾನೆಸ್ ಕೆಪ್ಲರ್ ಪಾದ್ರಿಯಾಗುವ ಆಸೆಯಿಂದ ಇಲ್ಲಿಗೆ ಬಂದ. ಅವನು ಉಳಿದುಕೊಂಡಿದ್ದು ಸ್ಟಿಫ್ಟ್ ಎಂಬ ಕಟ್ಟಡದಲ್ಲಿ. ಮೊದಲು ಅದು ಅಗಸ್ಟೀನ್ ಪಂಥದ ಸಂನ್ಯಾಸಿಗಳ ಮಠ, ಆಮೇಲೆ ದೇವಶಾಸ್ತ್ರ ಓದುವ ಬಡ ಹುಡುಗರ ಊಟ ವಸತಿಯ ಮನೆ. ಗಣಿತದ ಮೇಷ್ಟ್ರು ಮಿಖಾಯೆಲ್ ಮೆಸ್ಟ್ಲಿನ್ ತರಗತಿಯಲ್ಲಿ ಭೂಮಿಯೇ ನಡುವೆ ಇದೆ ಎಂಬ ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದರು. ಕೆಪ್ಲರನಂಥ ಕೆಲವರಿಗೆ ಮಾತ್ರ ಕೊಪರ್ನಿಕಸ್‌ನ ಲೆಕ್ಕ ಬಿಡಿಸಿ ತೋರಿಸುತ್ತಿದ್ದರು. 1594ರಲ್ಲಿ ಗ್ರಾಜ್ ಪಟ್ಟಣದ ಶಾಲೆಗೆ ಗಣಿತ ಕಲಿಸುವವನು ಬೇಕು ಎಂದಾಗ ಕೆಪ್ಲರನನ್ನು ಕಳಿಸಿದರು. ಪಾದ್ರಿಯ ಓದು ಅಲ್ಲಿಗೇ ನಿಂತಿತು.

ಇಷ್ಟು ಎಲ್ಲರಿಗೂ ಗೊತ್ತಿರುವ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನದು. ಕೆಪ್ಲರ್ ತಾನು ಓದಿದ ಮನೆಗೆ ಮರಳಿ ಬರಲು ಎಷ್ಟು ಸಲ ಬರೆದುಕೊಂಡರೂ ಟ್ಯೂಬಿಂಗನ್ ಅವನಿಗೆ ಕೆಲಸ ಕೊಡಲಿಲ್ಲ. ಅವನ ಧರ್ಮಶ್ರದ್ಧೆ ಶುದ್ಧವಾದ ಲೂಥರನ ದಾರಿಯದಲ್ಲ ಎಂಬ ಗುಮಾನಿ ಇವರಿಗೆ. ಅದಾದ ಮೇಲೆ ಅವನ ತಾಯಿ ಕಥರೀನಳ ಮೇಲೆ ಮಾಟಗಾತಿ ಎಂಬ ಆಪಾದನೆ ಬಂತು. 1615ರಲ್ಲಿ ಹೊತ್ತಿಕೊಂಡ ಜಗಳ 1620ರಲ್ಲಿ ಎಪ್ಪತ್ತು ದಾಟಿದ ಮುದುಕಿಯನ್ನು ಸರಪಳಿಗೆ ಕಟ್ಟುವವರೆಗೆ ಹೋಯಿತು. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಮಗ ಕೆಲಸ ಬಿಟ್ಟು ಬಂದು ತಾಯಿಯ ಪರವಾಗಿ ವಾದಪತ್ರ ಬರೆದ. ಕಡತ ಅಭಿಪ್ರಾಯಕ್ಕೆಂದು ಹೋಗಿದ್ದು ಎಲ್ಲಿಗೆ? ಟ್ಯೂಬಿಂಗನ್‌ನ ಕಾನೂನು ವಿಭಾಗಕ್ಕೆ. ಚಿತ್ರಹಿಂಸೆ ಕೊಡುವುದು ಬೇಡ, ಅದರ ಸಲಕರಣೆಗಳನ್ನು ತೋರಿಸಿ ಹೆದರಿಸಿ ನೋಡಿ ಎಂದು ಇಲ್ಲಿನ ಪಂಡಿತರು ಬರೆದು ಕಳಿಸಿದರು. ಮುದುಕಿ ಹೆದರಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. 1621ರ ಅಕ್ಟೋಬರಿನಲ್ಲಿ ಬಿಡುಗಡೆಯಾದವಳು ಮರುವರ್ಷ ವಸಂತದಲ್ಲಿ ತೀರಿಕೊಂಡಳು. ಆ ಅಭಿಪ್ರಾಯ ಆಕೆಯ ಜೀವ ಉಳಿಸಿತು ಎನ್ನುವವರಿದ್ದಾರೆ. ಇರಬಹುದು. ಆದರೂ ತನ್ನ ವಿದ್ಯಾರ್ಥಿಯ ತಾಯಿಗೆ ಇಕ್ಕಳ, ತಿರುಪು ತೋರಿಸಿ ಎಂದು ಬರೆದ ಮನೆ, ಇಂದು ಆ ವಿದ್ಯಾರ್ಥಿಯನ್ನು 'ನಮ್ಮವನು' ಎನ್ನುವಾಗ ನನ್ನ ಕೈ ಕೆಂಪು ಶಾಯಿಗೆ ಹೋಗುತ್ತದೆ.

ಷಿಕಾರ್ಡ್‌ನದು ಇದರ ಪಕ್ಕದ ಕತೆ. ಹೀಬ್ರೂ ಕಲಿಸುತ್ತಿದ್ದ ಈ ಪ್ರಾಧ್ಯಾಪಕ 1623ರಲ್ಲಿ ಲೆಕ್ಕ ಮಾಡುವ ಯಂತ್ರವೊಂದನ್ನು ಮಾಡಿ ಕೆಪ್ಲರನಿಗೆ ಪತ್ರ ಬರೆದ. ಅವನಿಗೆಂದೇ ಇನ್ನೊಂದನ್ನು ಮಾಡಿಸುತ್ತಿದ್ದಾಗ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. 1635ರಲ್ಲಿ ಪ್ಲೇಗು ಅವನನ್ನೂ ಒಯ್ದಿತು. ಯಂತ್ರದ ಚಿತ್ರ ಕೆಪ್ಲರನ ಕಾಗದಗಳ ನಡುವೆ ಉಳಿದಿತ್ತು. ಅದನ್ನು ನೋಡಿಕೊಂಡು ಇದೇ ವಿಶ್ವವಿದ್ಯಾಲಯದ ತತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರು 1960ರ ಹೊತ್ತಿಗೆ ಯಂತ್ರವನ್ನು ಮತ್ತೆ ಮಾಡಿ, ಹಲ್ಲಿನ ಚಕ್ರ ತಿರುಗಿಸಿ ತೋರಿಸಿದರು.

ಪಟ್ಟಿಯಲ್ಲಿ ಹೆಗೆಲ್, ಷೆಲ್ಲಿಂಗ್, ಹೋಲ್ಡರ್ಲಿನ್ ಮೂವರನ್ನೂ ಒಂದೇ ಆವರಣದಲ್ಲಿ ಹಾಕಿದ್ದಳು. ಅದು ನ್ಯಾಯ. ಮೂವರೂ ಅದೇ ಸ್ಟಿಫ್ಟ್‌ನಲ್ಲಿ ಒಟ್ಟಿಗೆ ಇದ್ದವರು. ಷೆಲ್ಲಿಂಗ್ 1790ರಲ್ಲಿ ಸೇರಿದಾಗ ಅವನಿಗೆ ಹದಿನೈದು ವರ್ಷ. ಹೆಗೆಲ್‌ಗೆ ಇಪ್ಪತ್ತು, ಗೆಳೆಯರು ಆಗಲೇ 'ಮುದುಕ' ಎಂದು ಅಡ್ಡಹೆಸರಿಟ್ಟಿದ್ದರು. ಹೆಗೆಲ್‌ನ ತತ್ವವನ್ನು ನಾನು ತಿದ್ದಿದ ಲೇಖನಗಳಲ್ಲಿ ಬಿಡಿಬಿಡಿಯಾಗಿ ಓದಿದ್ದೇನೆ, ಒಂದು ಪುಟವೂ ಪೂರ್ತಿ ಅರ್ಥವಾಗಿಲ್ಲ. ಹೀಗಾಗಿ ಅವನನ್ನು ಬೇಗ ದಾಟಿ ಹೋಲ್ಡರ್ಲಿನ್ ಬಳಿ ಬಂದೆ.

ನೆಕ್ಕರ್ ನದಿಯ ದಂಡೆಗೆ ಹಳದಿ ಬಣ್ಣದ ಗುಂಡಗಿನ ಗೋಪುರವೊಂದು ಒರಗಿಕೊಂಡಿದೆ. ಎದುರಿನ ನಡುಗಡ್ಡೆಯಲ್ಲಿ ಸಾಲು ಚಿನಾರ್ ಜಾತಿಯ ಮರಗಳು, ನೀರಿನಲ್ಲಿ ಉದ್ದ ಗಳ ಊರಿ ನಡೆಸುವ ಚಪ್ಪಟೆ ದೋಣಿಗಳು. ಕವಿ ಹೋಲ್ಡರ್ಲಿನ್ ಮನಸ್ಸು ಕಳೆದುಕೊಂಡಾಗ 1806ರಲ್ಲಿ ಅವನನ್ನು ಇಲ್ಲಿನ ವೈದ್ಯಕೀಯ ಪ್ರಾಧ್ಯಾಪಕ ಔಟೆನ್‌ರೀತ್‌ನ ಆಸ್ಪತ್ರೆಗೆ ತಂದು ಹಾಕಿದರು. ಕಿರುಚುವ ರೋಗಿಗಳ ಬಾಯಿ ಮುಚ್ಚಿಸಲು ಚರ್ಮದ ಮುಖವಾಡ ಮಾಡಿಸಿದ ಮಹಾನುಭಾವ ಆತ. ಮರುವರ್ಷ ಇನ್ನು ಗುಣವಾಗದು ಎಂದು ಕೈಬಿಟ್ಟರು. ಆಗ ಕವಿಯ ಕಾದಂಬರಿಯನ್ನು ಓದಿ ಮೆಚ್ಚಿಕೊಂಡಿದ್ದ ಎರ್ನ್ಸ್ಟ್ ಜಿಮ್ಮರ್ ಎಂಬ ಬಡಗಿ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಒಂದೆರಡು ವರ್ಷದ ಮಾತಲ್ಲ, ಮೂವತ್ತಾರು ವರ್ಷ. ಬಡಗಿ ಸತ್ತ ಮೇಲೆ ಅವನ ಮಗಳು ಲೊಟ್ಟೆ ನೋಡಿಕೊಂಡಳು. ಬಂದವರು ಪದ್ಯ ಕೇಳಿದರೆ ನಿಂತಲ್ಲೇ ಬರೆದು ಕೊಡುತ್ತಿದ್ದ, ಕೆಳಗೆ ಸ್ಕಾರ್ಡನೆಲ್ಲಿ ಎಂದು ರುಜು, ತನಗೆ ತೋಚಿದ ಯಾವುದೋ ಶತಮಾನದ ತಾರೀಖು. ಅವನು ಸತ್ತಿದ್ದು 1843ರ ಜೂನ್ 7ರಂದು.

ಆ ತಾರೀಖು ಓದಿದವನೇ ಬೆಂಚಿನ ಮೇಲೆ ಕುಳಿತುಬಿಟ್ಟೆ. 1843ರ ಜುಲೈ 1 ಕನ್ನಡ ಪತ್ರಿಕೆಯಲ್ಲಿ ಕೆಲಸ ಮಾಡಿದ ಯಾರಿಗಾದರೂ ಬಾಯಿಪಾಠ. 'ಮಂಗಳೂರ ಸಮಾಚಾರ' ಹೊರಬಂದ ದಿನ ಅದು, ನಮ್ಮ ಪತ್ರಿಕಾ ದಿನಾಚರಣೆಗೆ ಮೂಲ. ಅದನ್ನು ಹೊರತಂದ ಹರ್ಮನ್ ಮೊಗ್ಲಿಂಗ್ 1811ರಲ್ಲಿ ಹುಟ್ಟಿ, ದೇವಶಾಸ್ತ್ರ ಓದಿದ್ದು ಇದೇ ಟ್ಯೂಬಿಂಗನ್‌ನಲ್ಲಿ. ಸ್ಟಿಫ್ಟ್‌ನಿಂದ ಗೋಪುರಕ್ಕೆ ನಾನು ನಡೆದು ನೋಡಿದೆ, ಐದು ನಿಮಿಷ ಸಾಕು. ಮೊಗ್ಲಿಂಗ್ ಇಲ್ಲಿ ವಿದ್ಯಾರ್ಥಿಯಾಗಿದ್ದಾಗ ಹೋಲ್ಡರ್ಲಿನ್ ಮೇಲಿನ ಕೋಣೆಯಲ್ಲಿ ಹಿಂದೆ ಮುಂದೆ ಓಡಾಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಂಡಿದ್ದರು ಎಂದು ನಾನು ಹೇಳಲಾರೆ. ಒಬ್ಬ ಕಣ್ಣು ಮುಚ್ಚಿ ಇಪ್ಪತ್ತನಾಲ್ಕು ದಿನಕ್ಕೆ ಇನ್ನೊಬ್ಬ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಿಂದ ಎತ್ತಿದ ಎಂಬುದಷ್ಟೇ ನನಗೆ ಗೊತ್ತಿರುವುದು.

ಮೊಗ್ಲಿಂಗನ ಗೆಳೆಯ ಹರ್ಮನ್ ಗುಂಡರ್ಟ್ ಕೂಡ ಸ್ಟಿಫ್ಟ್‌ನವನೇ. ಮಲಯಾಳಂ ನಿಘಂಟಿನ ಗುಂಡರ್ಟ್, ಸಾಹಿತಿ ಹರ್ಮನ್ ಹೆಸ್ಸೆಯ ಅಜ್ಜ. ಆ ಹುಡುಗರಿಗೆ ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಒಬ್ಬ ಡೇವಿಡ್ ಸ್ಟ್ರೌಸ್. ಯೇಸುವಿನ ಚರಿತ್ರೆಯಲ್ಲಿ ಪುರಾಣವೆಷ್ಟು ಎಂದು 1835ರಲ್ಲಿ ಪುಸ್ತಕ ಬರೆದು, ಅದೇ ಕಾರಣಕ್ಕೆ ಸ್ಟಿಫ್ಟ್‌ನ ಕೆಲಸ ಕಳೆದುಕೊಂಡವನು. ಒಂದೇ ಸೂರಿನಡಿ ಮೇಷ್ಟ್ರು ಬೈಬಲ್ಲನ್ನು ಪ್ರಶ್ನಿಸುತ್ತಿದ್ದ, ಶಿಷ್ಯರು ಅದೇ ಬೈಬಲ್ ಹಿಡಿದು ಹಡಗು ಹತ್ತಿದರು. ಮತಪ್ರಚಾರಕ್ಕೆ ಬಂದ ಮೊಗ್ಲಿಂಗ್ ಬಸವಪುರಾಣ, ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸುವ ಹುಚ್ಚಿಗೆ ಬಿದ್ದ. 1858ರಲ್ಲಿ ಟ್ಯೂಬಿಂಗನ್ ಆ ಕೆಲಸವನ್ನು ಮೆಚ್ಚಿ ಅವನಿಗೆ ಡಾಕ್ಟರೇಟ್ ಕೊಟ್ಟಿತು. ಕೆಪ್ಲರನಿಗೆ ಮಾಡಿದ್ದಕ್ಕೆ ಹೋಲಿಸಿದರೆ ಇಲ್ಲಿ ಒಂದು ತಪ್ಪು ತಿದ್ದಿಕೊಂಡಂತೆ ಕಂಡಿತು.

ಪೂರ್ತಿ ತಿದ್ದಿಕೊಂಡಿರಲಿಲ್ಲ ಎಂಬುದು ಮೂರನೆಯ ದಿನ ಗೊತ್ತಾಯಿತು. ದೊರೆ ಎಬರ್‌ಹಾರ್ಡ್ 1477ರಲ್ಲಿ ವಿಶ್ವವಿದ್ಯಾಲಯಕ್ಕೆ ಹಕ್ಕುಗಳನ್ನು ಬರೆದುಕೊಟ್ಟ ಪತ್ರದಲ್ಲೇ ಯೆಹೂದಿಗಳು ಈ ಊರಿನಲ್ಲಿ ಇರಕೂಡದು ಎಂಬ ಸಾಲೂ ಇದೆ. 'ಕೈ ಹಾಕಿ ನೋಡುತ್ತೇನೆ' ಎಂಬ ಅರ್ಥದ 'ಅಟೆಂಪ್ಟೋ' ಅವನ ಧ್ಯೇಯವಾಕ್ಯ. ಅದು ಗೋಡೆಯ ಮೇಲೆ ಚೆಂದ ಕಾಣುತ್ತದೆ, ಈ ಸಾಲನ್ನು ಯಾರೂ ಕೆತ್ತಿಸುವುದಿಲ್ಲ. 1933ರಲ್ಲಿ ನಾಜಿಗಳು ಯೆಹೂದಿ ಅಧ್ಯಾಪಕರನ್ನು ಹೊರಹಾಕಿದಾಗ ಟ್ಯೂಬಿಂಗನ್‌ನಲ್ಲಿ ಕೆಲಸ ಕಳೆದುಕೊಂಡವರು ಬಹಳ ಕಡಿಮೆ. ಕಾರಣ ಒಳ್ಳೆಯತನವಲ್ಲ, ಅದಕ್ಕೂ ಮೊದಲೇ ಇಲ್ಲಿ ಯೆಹೂದಿಗಳನ್ನು ನೇಮಿಸಿಕೊಂಡಿದ್ದೇ ಅಪರೂಪ. ಆ ಕೆಲವರಲ್ಲಿ ಹಾನ್ಸ್ ಬೇಥೆ ಎಂಬ ಇಪ್ಪತ್ತಾರರ ಭೌತವಿಜ್ಞಾನಿ ಒಬ್ಬ. ಅವನ ತಾಯಿ ಯೆಹೂದಿ ಮನೆತನದವಳು. ಕೆಲಸ ಹೋದ ಸುದ್ದಿ ಅವನಿಗೆ ತಿಳಿದದ್ದು ಕಚೇರಿಯ ಆದೇಶದಿಂದಲ್ಲ, ವಿದ್ಯಾರ್ಥಿಯೊಬ್ಬ ಬರೆದ ಪತ್ರದಿಂದ. ಆಗ ಇಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದವನು ವಿಕಿರಣ ಎಣಿಸುವ ಸಾಧನಕ್ಕೆ ಹೆಸರು ಕೊಟ್ಟ ಹಾನ್ಸ್ ಗೈಗರ್. ಬೇಥೆ ಅವನಿಗೆ ಬರೆದರೆ ಬಂದ ಉತ್ತರ ತಣ್ಣಗಿತ್ತು. ಸೂರ್ಯ ಹೇಗೆ ಉರಿಯುತ್ತಾನೆ ಎಂಬುದನ್ನು ಮುಂದೆ ಅಮೆರಿಕದಲ್ಲಿ ಕುಳಿತು ಲೆಕ್ಕ ಹಾಕಿದ ಬೇಥೆಗೆ 1967ರಲ್ಲಿ ನೊಬೆಲ್ ಬಂತು. ಮಗಳ ಪಟ್ಟಿಯಲ್ಲಿ ಅವನಿರಲಿಲ್ಲ. ನಾನು ಸೇರಿಸಿದೆ. ಮರಿಯಾ ಫಾನ್ ಲಿಂಡನ್ ಎಂಬ ಪ್ರಾಣಿಶಾಸ್ತ್ರಜ್ಞೆಯನ್ನೂ ಸೇರಿಸಿದೆ. 1892ರಲ್ಲಿ ವಿಶೇಷ ಅನುಮತಿ ಪಡೆದು ಇಲ್ಲಿ ಓದಲು ಕುಳಿತ ಮೊದಲ ಹೆಂಗಸು ಆಕೆ, ಮೂರು ವರ್ಷದಲ್ಲಿ ಡಾಕ್ಟರೇಟ್ ಮುಗಿಸಿದಳು. "ಅಯ್ಯೋ, ಇವರನ್ನು ನಾನೇ ಬಿಟ್ಟೆನಲ್ಲ!" ಎಂದು ಮಗಳು ನಾಲಿಗೆ ಕಚ್ಚಿಕೊಂಡಳು.

ಕೊನೆಯ ರಾತ್ರಿ ಆ ಹಾಳೆಯ ತಳದಲ್ಲಿ ನನ್ನ ಹೆಸರನ್ನು ಬರೆದೆ. ಅಂದರೆ ನಾನು ಹುಡುಕುತ್ತಿದ್ದ ಹೆಸರನ್ನು: ಫರ್ಡಿನಾಂಡ್ ಕಿಟ್ಟೆಲ್.

"ಇವರು ಇಲ್ಲಿ ಓದಿದವರೇ?"

ಇಲ್ಲ. ಓದಿದ್ದು ಬಾಸೆಲ್‌ನ ಮಿಷನ್ ಶಾಲೆಯಲ್ಲಿ.

"ಪಾಠ ಹೇಳಿದರೇ?"

ಅದೂ ಇಲ್ಲ. 1894ರಲ್ಲಿ ಅವರ ಕನ್ನಡ ನಿಘಂಟು ಹೊರಬಂತು, ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಈ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಅಷ್ಟೇ ನಂಟು.

"ಹಾಗಾದರೆ ಈ ಪಟ್ಟಿಗೆ ಹೇಗೆ ಸೇರುತ್ತಾರೆ ಅಪ್ಪಾ? ಹಳೆಯ ವಿದ್ಯಾರ್ಥಿಗಳು, ಅಧ್ಯಾಪಕರು ಎಂದು ಮೇಲೆ ಬರೆದಿದ್ದೇನಲ್ಲ."

ಕೆಲಸ ಕೊಡದ ಕೆಪ್ಲರ್, ಓಡಿಸಿದ ಬೇಥೆ, ಕಾಯಿಲೆಯವನು ಎಂದು ಕೈಬಿಟ್ಟ ಹೋಲ್ಡರ್ಲಿನ್ ಸೇರುವುದಾದರೆ, ಕರೆದು ಮರ್ಯಾದೆ ಮಾಡಿದವರನ್ನು ಹೊರಗಿಡುವುದು ಹೇಗೆ ಎಂದೆ. ಮೂವತ್ತೊಂದು ವರ್ಷ ನನ್ನ ಮೇಜಿನ ಎಡಗಡೆ ಕಿಟ್ಟೆಲ್ ಕೋಶ ಇತ್ತು. ಪದವೊಂದರ ಬಗ್ಗೆ ಉಪಸಂಪಾದಕರಿಗೂ ನನಗೂ ಜಗಳ ಬಿದ್ದಾಗ ಅದನ್ನು ತೆರೆದರೆ ಜಗಳ ಮುಗಿಯುತ್ತಿತ್ತು, ಹೆಚ್ಚಿನ ಸಲ ನಾನು ಸೋತು. ಬೆನ್ನು ಹರಿದು ಎರಡು ಸಲ ಹೊಲಿಸಿದ್ದೇವೆ. ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ, ಅವಳು ಕೇಳಿಯೇ ಬೆಳೆದಿದ್ದಾಳೆ.

ಅವಳು ಹಾಳೆ ತೆಗೆದುಕೊಂಡು ನಾನು ಸೇರಿಸಿದ ಸಾಲನ್ನು ಓದಿದಳು. ಮೇಲಿನ ಸಾಲಿಗೂ ಕೆಳಗಿನದಕ್ಕೂ ಒಮ್ಮೆ ಕಣ್ಣಾಡಿಸಿ, ಪೆನ್ಸಿಲ್ ಎತ್ತಿಕೊಂಡು ಒಂದು ಕಡೆ ಸುತ್ತು ಹಾಕಿ ನನ್ನ ಮುಂದಿಟ್ಟಳು. ಕಿಟ್ಟೆಲ್‌ರಿಗೆ ಡಾಕ್ಟರೇಟ್ ಬಂದ ವರ್ಷ 1869 ಎಂದು ಬರೆದಿದ್ದೆ. ಅದು ಅವಳ ಮೀಷರನ ವರ್ಷ. ಅಂಕಿ ತಿರುಗುಮುರುಗಾಗಿತ್ತು.

ಅಂಚಿನಲ್ಲಿ ಗುರುತು ಹಾಕಿ 1896 ಎಂದು ತಿದ್ದಿದೆ.