ಫೋಟೋದ ಕೆಳಗಿನ ಹೆಸರು
ಗಾಂಧಿ ಚೌಕದ ಚಹಾದಂಗಡಿಯಲ್ಲಿ ಪೇಪರ್ ಕೈಯಿಂದ ಕೈಗೆ ಹೋಗುತ್ತೆ. ನಮ್ಮ ವಿಜಯಪುರದಲ್ಲಿ ಯುದ್ಧದ ಫೋಟೋ ನೋಡಿ 'ಅಯ್ಯೋ ಪಾಪ' ಅನ್ನದವರು ಕಮ್ಮಿ. ಆದರೆ ಅದರ ಕೆಳಗೆ ಸಣ್ಣಕ್ಷರದಲ್ಲಿರುವ, ಫೋಟೋ ತೆಗೆದವರ ಹೆಸರನ್ನು ಯಾರೂ ಓದಲ್ಲ, ಅಲ್ವಾ?

ಫೋಟೋ ಪತ್ರಕರ್ತ ಡ್ಯಾನಿಶ್ ಸಿದ್ದಿಕಿ ನಮ್ಮ ದೇಶದವರೇ. ರೋಹಿಂಗ್ಯಾ ನಿರಾಶ್ರಿತರ ಫೋಟೋಗಳಿಗೆ 2018ರಲ್ಲಿ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಪಡೆದ ರಾಯಿಟರ್ಸ್ ಸುದ್ದಿಸಂಸ್ಥೆಯ ತಂಡದಲ್ಲಿದ್ದರು. 2021ರ ಜುಲೈನಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ ಕೊಲ್ಲಲ್ಪಟ್ಟರು. ಮರುವರ್ಷ ಮೇ 11ರಂದು ಪ್ಯಾಲೆಸ್ಟೀನ್‌ನ ಜೆನಿನ್‌ನಲ್ಲಿ ಅಲ್ ಜಜೀರಾ ಟಿವಿಯ ವರದಿಗಾರ್ತಿ ಶಿರೀನ್ ಅಬು ಅಕ್ಲೇ ಗುಂಡಿಗೆ ಬಲಿಯಾದರು. ತಲೆಗೆ ಹೆಲ್ಮೆಟ್ ಇತ್ತು. ಮೈಮೇಲೆ ನೀಲಿ ಜಾಕೆಟ್, ಅದರ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ 'ಪ್ರೆಸ್' ಅಂತಲೂ ಇತ್ತು. ಇನ್ನೆಷ್ಟು ದೊಡ್ಡದಾಗಿ ಬರೆಯಬೇಕಿತ್ತು?

ಯುದ್ಧಭೂಮಿಯ ಪತ್ರಕರ್ತರನ್ನು ನಾಗರಿಕರಂತೆಯೇ ಕಾಪಾಡಬೇಕು ಅಂತ 1977ರ ಜಿನೀವಾ ಪ್ರೋಟೋಕಾಲ್‌ನ 79ನೇ ವಿಧಿ ಹೇಳುತ್ತೆ. ಕಾನೂನು ಸ್ಪಷ್ಟವಾಗಿದೆ, ಕೊಂದವರಿಗೆ ಶಿಕ್ಷೆಯಾಗುವುದು ಮಾತ್ರ ಅಪರೂಪ. 2023ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ ಇಸ್ರೇಲ್ ವಿದೇಶಿ ಪತ್ರಕರ್ತರನ್ನು ಸ್ವತಂತ್ರವಾಗಿ ಒಳಗೆ ಬಿಡಲಿಲ್ಲ. ಹಾಗಾಗಿ ಹೆಚ್ಚಿನ ಸುದ್ದಿ ಕೊಟ್ಟವರು ಅಲ್ಲಿನವರೇ. ತಮ್ಮದೇ ಮನೆ ಕಳೆದುಕೊಂಡು, ತಮ್ಮವರನ್ನೇ ಮಣ್ಣು ಮಾಡಿ, ಮತ್ತೆ ಕ್ಯಾಮೆರಾ ಹಿಡಿದವರು.

ಯುದ್ಧದ ಫೋಟೋ ಫಾರ್ವರ್ಡ್ ಮಾಡುವಾಗ ತೆಗೆದವರ ಹೆಸರನ್ನು ಕತ್ತರಿಸಬೇಡಿ, ದಯವಿಟ್ಟು.