ಹಣ ಹೊಲಕ್ಕೋ, ರೈತನಿಗೋ?

ಯುರೋಪಿಯನ್ ಒಕ್ಕೂಟದ ‘ಸಾಮಾನ್ಯ ಕೃಷಿ ನೀತಿ’ಯ ಬಗ್ಗೆ ಓದುವಾಗಲೆಲ್ಲ ಹೆಸರಿನಲ್ಲಿರುವ ‘ಸಾಮಾನ್ಯ’ ಎಂಬ ಪದದ ಬಳಿಯೇ ನಾನು ತಡೆದು ನಿಲ್ಲುತ್ತೇನೆ. ಇಲ್ಲಿ ಅದರ ಅರ್ಥ ಸಾಧಾರಣ ಎಂದಲ್ಲ, ಸದಸ್ಯ ದೇಶಗಳೆಲ್ಲಕ್ಕೂ ಸೇರಿದ್ದು ಎಂದು. 1957ರ ರೋಮ್ ಒಪ್ಪಂದದಲ್ಲಿ ಬುನಾದಿ ಪಡೆದ ಈ ನೀತಿ 1962ರಲ್ಲಿ ಆರು ದೇಶಗಳಲ್ಲಿ ಜಾರಿಗೆ ಬಂದಿತು. ಯುದ್ಧಕಾಲದ ಹಸಿವು ಜನರ ನೆನಪಿನಿಂದ ಇನ್ನೂ ಮಾಸಿರಲಿಲ್ಲವಾದ್ದರಿಂದ, ಹೆಚ್ಚು ಬೆಳೆಯಿರಿ, ಬೆಲೆ ಕುಸಿದರೆ ನಾವೇ ಕೊಳ್ಳುತ್ತೇವೆ ಎಂಬ ಭರವಸೆಯನ್ನು ರೈತರಿಗೆ ನೀಡಲಾಯಿತು.

ಭರವಸೆ ಫಲಿಸಿತು, ಅತಿಯಾಗಿಯೇ ಫಲಿಸಿತು. ಕೊಂಡ ಬೆಣ್ಣೆ ಉಗ್ರಾಣಗಳಲ್ಲಿ ರಾಶಿ ಬಿದ್ದು ‘ಬೆಣ್ಣೆ ಬೆಟ್ಟ’ ಎಂಬ ಗೇಲಿಗೆ ಗುರಿಯಾಯಿತು; 1984ರಲ್ಲಿ ಹಾಲಿನ ಉತ್ಪಾದನೆಗೆ ಹೇರಿದ ಮಿತಿ 2015ರವರೆಗೂ ಉಳಿಯಿತು. 1992ರ ಸುಧಾರಣೆ ಬೆಂಬಲ ಬೆಲೆಯನ್ನು ತಗ್ಗಿಸಿ, ಅದರಿಂದಾಗುವ ನಷ್ಟವನ್ನು ನೇರ ಪಾವತಿಯ ಮೂಲಕ ತುಂಬಿಕೊಡುವ ಪದ್ಧತಿಯನ್ನು ತಂದಿತು. 2003ರಲ್ಲಿ ಆ ಪಾವತಿಗೂ ಬೆಳೆಗೂ ಇದ್ದ ನಂಟನ್ನು ಬಹುಮಟ್ಟಿಗೆ ಕಡಿಯಲಾಯಿತು.

ನನ್ನ ತಕರಾರು ಇರುವುದು ಈ ಪಾವತಿಯ ಅಳತೆಗೋಲಿನ ಬಗ್ಗೆ. ಅದು ಮುಖ್ಯವಾಗಿ ಹೆಕ್ಟೇರಿನ ಲೆಕ್ಕದಲ್ಲಿ ಸಲ್ಲುವುದರಿಂದ ಹೆಚ್ಚು ಜಮೀನಿದ್ದವರಿಗೆ ಹೆಚ್ಚು ಹಣ, ಸುಮಾರು ಶೇ. 80ರಷ್ಟು ನೇರ ಪಾವತಿ ಶೇ. 20ರಷ್ಟು ಫಲಾನುಭವಿಗಳ ಪಾಲಾಗುತ್ತದೆ. ಗೇಣಿಗೆ ಉಳುವವನ ಕೈಗೆ ಬಂದ ಹಣದಲ್ಲೂ ಒಂದಷ್ಟು, ಏರಿದ ಗೇಣಿಯ ರೂಪದಲ್ಲಿ ಭೂಮಾಲೀಕನಿಗೆ ಸೋರಿಹೋಗಬಹುದು. 2023ರಿಂದ ಪರಿಸರಸ್ನೇಹಿ ಪದ್ಧತಿಗಳಿಗೆ ನೇರ ಪಾವತಿಯ ಶೇ. 25ರಷ್ಟನ್ನೂ ಸಣ್ಣ, ಮಧ್ಯಮ ಹಿಡುವಳಿಗಳಿಗೆ ಶೇ. 10ರಷ್ಟನ್ನೂ ಮೀಸಲಿಡಬೇಕೆಂಬ ನಿಯಮ, ಕೆಲವು ವಿನಾಯಿತಿಗಳೊಂದಿಗೆ, ಬಂದಿದೆ. ತಡವಾಯಿತಾದರೂ ದಿಕ್ಕು ಸರಿಯಿದೆ. ಹಾಗೆಂದು ಪಾವತಿಯನ್ನೇ ನಿಲ್ಲಿಸಿ ಎನ್ನಲಾರೆ. ಮಾರುಕಟ್ಟೆಯ ಆದಾಯವೊಂದರಿಂದಲೇ ಬದುಕಲಾಗದ ಕುಟುಂಬಗಳು ಅಲ್ಲಿ ಬೇಕಾದಷ್ಟಿವೆ.

ನೇರ ಪಾವತಿ ಈ ನೀತಿಯ ಮೊದಲ ಕಂಬಕ್ಕೆ ಸೇರಿದ್ದು; ಗ್ರಾಮೀಣ ಪ್ರದೇಶದ ಮಟ್ಟಿಗೆ ನನಗೆ ಹೆಚ್ಚು ಮುಖ್ಯವೆನಿಸುವುದು ಗ್ರಾಮೀಣಾಭಿವೃದ್ಧಿ ಎಂಬ ಎರಡನೆಯ ಕಂಬ. ಗುಡ್ಡಗಾಡಿನ ರೈತರಿಗೆ ಪರಿಹಾರ, ಯುವಕರಿಗೆ ಬೇಸಾಯ ಆರಂಭಿಸಲು ನೆರವು, ಹಳ್ಳಿಗೆ ಇಂಟರ್ನೆಟ್ ಸಂಪರ್ಕ ಇವೆಲ್ಲ ಇದರ ವ್ಯಾಪ್ತಿಯಲ್ಲಿವೆ. ಇದರ ವೆಚ್ಚಕ್ಕೆ ಸದಸ್ಯ ದೇಶಗಳೂ ಕೈಜೋಡಿಸಬೇಕು. 1991ರಲ್ಲಿ ಆರಂಭವಾದ ‘ಲೀಡರ್’ ಯೋಜನೆಯಲ್ಲಂತೂ ಸ್ಥಳೀಯ ಆಡಳಿತ, ಸಂಘಸಂಸ್ಥೆಗಳು, ವ್ಯಾಪಾರಿಗಳು ಒಂದೆಡೆ ಕುಳಿತು ತಮ್ಮ ಊರಿಗೆ ಏನು ಬೇಕೆಂದು ತಾವೇ ತೀರ್ಮಾನಿಸುತ್ತಾರೆ. ಆದರೆ 2021ರಿಂದ 2027ರವರೆಗೆ ಇಡೀ ಕೃಷಿ ನೀತಿಗೆ ಮೀಸಲಿಟ್ಟ ಸುಮಾರು 387 ಶತಕೋಟಿ ಯೂರೋಗಳಲ್ಲಿ ಗ್ರಾಮೀಣಾಭಿವೃದ್ಧಿ ನಿಧಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಕಾಲು ಭಾಗ. ಆ ಕಾಲು ಭಾಗದಲ್ಲಿ ‘ಲೀಡರ್’ಗೆ ಕಡ್ಡಾಯವಾಗಿ ಎತ್ತಿಡಬೇಕಾದ ಪಾಲು ಕನಿಷ್ಠ ಶೇ. 5 ಮಾತ್ರ.